ಮಾವನವರ ಕಾರಿಗೆ ಸುರಿದದ್ದು

ಇಂಜಿನ್ ತಣ್ಣಗಿಡುವ ಕೂಲಂಟ್ ಮಾರುವವರಷ್ಟು ನಾಚಿಕೆಗೆಟ್ಟವರನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ಕಂಡಿಲ್ಲ. ಔಷಧಿ ಅಂಗಡಿಯವನು ಚೀಟಿ ಎಲ್ಲಿ ಎಂದು ಕೇಳುವ ಶಾಸ್ತ್ರವನ್ನಾದರೂ ಮಾಡುತ್ತಾನೆ. ಇವರಿಗೆ ಅದೂ ಬೇಡ. ವಿಶಾಖಪಟ್ಟಣದಲ್ಲಿ ಕಾರಿನ ಬಿಡಿಭಾಗ ಮಾರುವ ಯಾವ ಅಂಗಡಿಗೆ ಹೋದರೂ ಪ್ರಶ್ನೆ ಒಂದೇ: "ಗ್ರೀನಾ, ರೆಡ್ಡಾ ಮೇಡಂ?" ಗಾಡಿ ಎಷ್ಟು ವರ್ಷದ್ದು, ರೇಡಿಯೇಟರ್ ಹಿತ್ತಾಳೆಯದೋ ಅಲ್ಯೂಮಿನಿಯಮ್ಮಿನದೋ, ಈಗ ಒಳಗೆ ಇರುವುದು ಯಾವುದು, ಒಂದನ್ನೂ ಕೇಳುವುದಿಲ್ಲ. ಬಳೆ ಅಂಗಡಿಯಲ್ಲಿ ಕೇಳಿದ ಹಾಗೆ ಬಣ್ಣ ಕೇಳುತ್ತಾರೆ. ಎರಡಕ್ಕೂ ವ್ಯತ್ಯಾಸ ಏನಪ್ಪಾ ಎಂದು ಒಬ್ಬನನ್ನು ಕೆಣಕಿದೆ. ಅವನು ಹಸಿರು ಬಾಟಲಿಯ ಮುಚ್ಚಳ ತೆಗೆದು, ಅಂಚಿಗಂಟಿದ ಹನಿಯನ್ನು ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡ. ಆಮೇಲೆ ಅದೇ ಎಂಜಲು ಬೆರಳನ್ನು ಕೆಂಪು ಬಾಟಲಿಯ ಬಾಯಿಗೆ ಹಾಕಿದ. "ರೆಂಡೂ ತೀಪೇ ಮೇಡಂ," ಎಂದ. ಎರಡೂ ಸಿಹಿಯೇ ಅಂತೆ. ಅದು ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡಿಸುವ ವಿಷ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳನ್ನು ಅಂಗಿಗೆ ಒರೆಸಿಕೊಂಡು ಇನ್ನೊಬ್ಬ ಗಿರಾಕಿಗೆ ಬಲ್ಬು ತೋರಿಸುತ್ತಿದ್ದ.

ನನಗೆ ಹೇಸಿಗೆ ಬೇಗ ಹುಟ್ಟುತ್ತದೆ. ಅದಕ್ಕೆ ನನ್ನ ಕೆಲಸವೂ ಒಂದು ಕಾರಣ. ಗದಗಿನವಳಾದ ನಾನು ರಸಾಯನಶಾಸ್ತ್ರ ಓದಿ, ದುವ್ವಾಡದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯ ನೀರಿನ ವಿಭಾಗಕ್ಕೆ ಸೇರಿದೆ. ಕುಡಿಯುವ ನೀರಲ್ಲ, ಯಂತ್ರಗಳನ್ನು ತಣ್ಣಗಿಡುವ ನೀರು. ತೊಟ್ಟಿಗಳಲ್ಲಿ ಕಟ್ಟುವ ಲೋಳೆ, ಪೈಪಿನ ಒಳಗೋಡೆಗೆ ಹಿಡಿಯುವ ತುಕ್ಕಿನ ಹೊಪ್ಪಳೆ, ಪಂಪಿನ ಬುಡದಲ್ಲಿ ಸೇರುವ ಕಪ್ಪು ರಾಡಿ, ಇವನ್ನೆಲ್ಲ ಶೀಶೆಯಲ್ಲಿ ಹಿಡಿದು, ಮೂಸಿ, ಅಳೆದು, ಯಾವ ಮದ್ದು ಎಷ್ಟು ಹಾಕಬೇಕೆಂದು ಬರೆದುಕೊಡುವುದು ನನ್ನ ಕೆಲಸ. ನಮ್ಮಲ್ಲಿ ಕಟ್ಟುನಿಟ್ಟಾದ ಒಂದು ನಿಯಮವಿತ್ತು. ಮದ್ದು ಬದಲಿಸುವುದಾದರೆ ಹಳೆಯದನ್ನು ಪೂರ್ತಿ ಬಸಿದು, ತೊಳೆದು, ಆಮೇಲೆ ಹೊಸದನ್ನು ಹಾಕಬೇಕು. ಹಾಕಿದ್ದನ್ನು ಶಿಫ್ಟಿನ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಒಂದರ ಮೇಲೊಂದು ಸುರಿದು ಸುಮ್ಮನಿದ್ದವರಿಗೆ ನಾನು ಮೆಮೊ ಕೊಡುತ್ತಿದ್ದೆ, ಮತ್ತು ಕೊಡುವಾಗ ನನಗೆ ಬೇಜಾರೇನೂ ಆಗುತ್ತಿರಲಿಲ್ಲ.

ನಮ್ಮ ಟೌನ್‌ಶಿಪ್ಪಿನ ಜನರ ಕಾರುಭಕ್ತಿಯನ್ನೂ ಹೇಳಬೇಕು. ಅಲ್ಲಿ ಪ್ಲಾಂಟಿನ ಲವಣ ತೆಗೆದ ನೀರೆಂದರೆ ಗಂಗಾಜಲ. ಇನ್ವರ್ಟರ್ ಬ್ಯಾಟರಿಗೆ ಎಂದು ಕ್ಯಾನಿನಲ್ಲಿ ತುಂಬಿಕೊಂಡು ಬಂದು, ಉಳಿದದ್ದನ್ನು ಕಾರಿನ ರೇಡಿಯೇಟರಿಗೂ ಸುರಿಯುತ್ತಿದ್ದರು. ಬರೀ ಶುದ್ಧ ನೀರು ಹಸಿದ ನೀರು, ಸಿಕ್ಕ ಲೋಹವನ್ನೆಲ್ಲ ತಿನ್ನುತ್ತದೆ, ಅದಕ್ಕೆ ಕೂಲಂಟ್ ಬೆರೆಸಲೇಬೇಕು ಎಂದು ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ. ನನ್ನ ಮೇಲಧಿಕಾರಿಯೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ಲಾಂಟಿನ ಉಕ್ಕಿನ ಪೈಪುಗಳಿಗೆ ಹಾಕುವ ಮದ್ದನ್ನೇ ತಮ್ಮ ಹಳೇ ಕಾರಿಗೆ ಹಾಕಿಕೊಂಡರು. ಆರು ತಿಂಗಳಲ್ಲಿ ಪಂಪು ಹೋಯಿತು. ನಾವೆಲ್ಲ ಕ್ಯಾಂಟೀನಿನಲ್ಲಿ ಕೂತು ಅವರನ್ನು ಆಡಿಕೊಂಡು ನಕ್ಕೆವು, ಎಲ್ಲರಿಗಿಂತ ಜೋರಾಗಿ ನಾನು ನಕ್ಕಿದ್ದೆ.

ಇಷ್ಟೆಲ್ಲ ತಿಳಿದ ನಾನು ಮಾವನವರ ಕಾರಿಗೆ ಮಾಡಿದ್ದನ್ನು ಈಗ ಹೇಳುತ್ತೇನೆ.

ನನ್ನ ಗಂಡನ ಮನೆ ವಿಜಯವಾಡದಲ್ಲಿ. ಮಾವನವರು ತೆಲುಗರು, ಅತ್ತೆ ಬಳ್ಳಾರಿಯವರು. ಹಾಗಾಗಿ ಆ ಮನೆಯಲ್ಲಿ ಬಳ್ಳಾರಿಯ ಕನ್ನಡಕ್ಕೂ ಕೃಷ್ಣಾ ತೀರದ ತೆಲುಗಿಗೂ ಮದುವೆಯಾಗಿ ನಲವತ್ತು ವರ್ಷ ಕಳೆದಿತ್ತು. ನಮ್ಮನೆಯವರ ಕನ್ನಡ ಮಾತ್ರ ಅಡುಗೆಮನೆ ದಾಟುವುದಿಲ್ಲ. ಅಮ್ಮನ ಹತ್ತಿರ ಹಸಿವೆ, ಬಾಯಾರಿಕೆ ಹೇಳಿಕೊಳ್ಳುವಷ್ಟು. ಮಾವನವರ ಕನ್ನಡ ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಹೆಂಡತಿಯಿಂದ ಕಲಿತದ್ದು. ನನ್ನನ್ನು ತೆಲುಗಿನ ರೂಢಿಯಂತೆ ಅಮ್ಮಾ ಎನ್ನುತ್ತಿದ್ದರು. ನಾನು ಅವರನ್ನು ಮಾಮಯ್ಯಗಾರು ಎನ್ನುತ್ತಿದ್ದೆ.

ಅವರು ಆಟೋನಗರದಲ್ಲಿ ಜೀವಮಾನವೆಲ್ಲ ಮೆಕ್ಯಾನಿಕ್ ಆಗಿದ್ದವರು. ವಯಸ್ಸಾದ ಮೇಲೆ ತಮ್ಮ ಶೆಡ್ಡನ್ನು ಹಳೆಯ ಶಿಷ್ಯನಿಗೆ ಬಿಟ್ಟುಕೊಟ್ಟಿದ್ದರು. ಆ ಶಿಷ್ಯನ ತಲೆಯೂ ಆಗಲೇ ನರೆತಿತ್ತು. ಆದರೂ ಮಾವನವರು ದಿನಾ ಬೆಳಿಗ್ಗೆ ತಿಂಡಿ ತಿಂದು, ತಮ್ಮ ಹಳೇ ಬಿಳಿ ಕಾರಿನಲ್ಲಿ ಶೆಡ್ಡಿಗೆ ಹೋಗಿ ಒಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಇಪ್ಪತ್ತು ವರ್ಷ ದಾಟಿದ ಗಾಡಿ ಬಂತೆಂದರೆ ಯಾರೂ ಅವರನ್ನು ಕೇಳದೆ ನಟ್ಟು ಬಿಚ್ಚುತ್ತಿರಲಿಲ್ಲ. ಅವರು ಬಾನೆಟ್ಟಿಗೆ ಕಿವಿಗೊಟ್ಟು, ಬೆರಳಿಂದ ತಟ್ಟಿ, ಮೂಸಿ ಹೇಳಿದ್ದೇ ತೀರ್ಪು. ಆ ಕುರ್ಚಿ ಅವರಿಗೆ ಪ್ರಾಣ. ಅದರಲ್ಲಿ ಕೂರಲು ಬೇಕಾದದ್ದು ಒಂದೇ, ತನ್ನ ಕೈ ತಪ್ಪು ಮಾಡುವುದಿಲ್ಲ ಎಂಬ ಧೈರ್ಯ.

ಆ ಮನೆಯಲ್ಲಿ ನನಗೆ ಮೊದಲು ದೋಸ್ತಿಯಾದದ್ದು ಅವರೊಂದಿಗೇ. ಬೇರೆಯವರಿಗೆ ನನ್ನ ಕೆಲಸ ಅರ್ಥವಾಗುತ್ತಿರಲಿಲ್ಲ. ನೀರಿಗೇನು ಮದ್ದು ಹಾಕುವುದು ಎಂದು ನಗುತ್ತಿದ್ದರು. ಮಾವನವರು ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ತುಕ್ಕು ಹೇಗೆ ಹುಟ್ಟುತ್ತದೆ, ಲೋಳೆ ಯಾಕೆ ಕಟ್ಟುತ್ತದೆ ಎಂದು ಕೇಳಿ ಕೇಳಿ ತಿಳಿದುಕೊಂಡರು. ಅವರ ಕಾಲದ ಲಾರಿ ಡ್ರೈವರುಗಳು ರೇಡಿಯೇಟರ್ ಸೋರಿದರೆ ಒಳಗೆ ಅರಿಶಿನಪುಡಿ ಸುರಿಯುತ್ತಿದ್ದರಂತೆ. ತೂತೇನೋ ಮುಚ್ಚುತ್ತಿತ್ತು, ಜೊತೆಗೆ ಸಣ್ಣ ನಾಳಗಳೂ ಮುಚ್ಚಿಹೋಗುತ್ತಿದ್ದವು. ಆರು ತಿಂಗಳ ಮೇಲೆ ಬಿಚ್ಚಿದರೆ ಒಳಗೆ ಕೊಳೆತ ಅರಿಶಿನದ ಮುದ್ದೆ. ಅದರ ನಾತವನ್ನು ಅವರು ಊಟದ ಹೊತ್ತಿಗೇ ವರ್ಣಿಸುತ್ತಿದ್ದರು, ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಹಳೇ ಗಾಡಿಗೆ ಕೂಲಂಟ್ ಆರಿಸುವುದು ಹೇಗೆಂದು ನನಗೆ ಕಲಿಸಿದವರೂ ಅವರೇ. ನಾನು ಪುಸ್ತಕದಲ್ಲಿ ಓದಿದ್ದೆ, ಅವರು ಕೈಯಲ್ಲಿ ತಿಳಿದಿದ್ದರು.

"ಬಣ್ಣ ಅಂದ್ರೆ ಮೇಲಿನ ಅಂಗಿ ಅಮ್ಮಾ," ಎನ್ನುತ್ತಿದ್ದರು. "ಒಂದು ಕಂಪನಿ ಹಸಿರು ಮತ್ತೊಂದು ಕಂಪನಿಗೆ ಬೇರೇನೇ ಆಗಿರ್ತೈತೆ. ಮೊದಲು ರೇಡಿಯೇಟರ್ ನೋಡು. ಹಿತ್ತಾಳೆದಾ? ಬೆಸುಗೆ ಸೀಸದ್ದಾ? ಹಂಗಾದ್ರೆ ಹಳೇ ಥರದ್ದೇ ಹಾಕು, ಎರಡು ವರ್ಷಕ್ಕೊಮ್ಮೆ ಬಸಿ. ಹೊಸ ಗಾಡಿಗೆ ಮಾಡಿದ್ದು, ಐದು ವರ್ಷ ಬರ್ತೈತೆ ಅಂತಾರಲ್ಲ, ಅದು ಇದಕ್ಕೆ ಆಗಿಬರಲ್ಲ. ಆಮೇಲೆ ಕೇಳು, ಈಗ ಒಳಗೆ ಏನೈತೆ?"

"ಗೊತ್ತಿಲ್ಲಾಂದ್ರ?"

"ಗೊತ್ತಿಲ್ಲಾಂದ್ರೆ ಬಸಿ. ತಿಳಿನೀರು ಬರೋ ತನಕ ತೊಳಿ. ಆಮೇಲೇ ಹಾಕು. ಕೇಳೋಕೆ ನಾಚಿಕೆ ಪಟ್ಟೋನು ಇಂಜಿನ್ ಸುಡ್ತಾನೆ."

ಅವರ ಸ್ವಂತ ಕಾರಿನ ಬಾನೆಟ್ಟನ್ನು ಮಾತ್ರ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಶಿಷ್ಯನೂ ಮುಟ್ಟುತ್ತಿರಲಿಲ್ಲ, ಮಗನಿಗಂತೂ ಆಸಕ್ತಿಯೇ ಇರಲಿಲ್ಲ. ಆಟೋನಗರದಲ್ಲಿ ಸಿಕ್ಕವರಿಗೆಲ್ಲ ನನ್ನ ಸೊಸೆ ಇಡೀ ಕಾರ್ಖಾನೆಯ ನೀರು ನೋಡಿಕೊಳ್ಳುತ್ತಾಳೆ ಎಂದು ಹೇಳಿ ಹೇಳಿ ನನ್ನ ತಲೆಗೆ ಕೋಡು ಮೂಡಿಸಿದ್ದವರೂ ಅವರೇ.

ಹಳೇ ನೋಟು ರದ್ದಾದ ವರ್ಷದ ಬೇಸಿಗೆ. ನಾವು ನಮ್ಮ ಹೊಸ ಕಾರಿನಲ್ಲಿ ವಿಜಯವಾಡಕ್ಕೆ ಹೋಗಿದ್ದೆವು. ಅದರ ಡಿಕ್ಕಿಯಲ್ಲಿ ಕಿತ್ತಳೆ ಬಣ್ಣದ, ಐದು ವರ್ಷ ಬಾಳುವ ಕೂಲಂಟಿನ ಒಂದು ಬಾಟಲಿ ಇತ್ತು. ಮರುದಿನ ಬೆಳಿಗ್ಗೆ ಮಾವ, ಅತ್ತೆ, ಅತ್ತೆಯ ತಂಗಿ ಮೂವರೂ ಹಳೇ ಕಾರಿನಲ್ಲಿ ಮಂಗಳಗಿರಿಗೆ ಹೋಗುವುದಿತ್ತು. ನರಸಿಂಹಸ್ವಾಮಿಗೆ ಪಾನಕ ಒಪ್ಪಿಸಿ, ಮಗ್ಗದವರ ಹತ್ತಿರ ನಾಲ್ಕು ಸೀರೆ ಕೊಂಡು ಬರುವ ಯೋಜನೆ. ಅಲ್ಲೇ ಪಕ್ಕದಲ್ಲಿ ಹೊಸ ರಾಜಧಾನಿ ಕಟ್ಟುವ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಆ ಬಿಸಿಲಲ್ಲಿ ಹಳೇ ಗಾಡಿಯ ಗತಿಯೇನು ಎಂದು ನನಗೆ ಸುಮ್ಮನೆ ತಲೆಬಿಸಿ.

ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದರು. ನಾನು ಅಂಗಳಕ್ಕೆ ಹೋಗಿ ಕಾರಿನ ಬಾನೆಟ್ ಎತ್ತಿದೆ. ಕೂಲಂಟಿನ ಪ್ಲಾಸ್ಟಿಕ್ ಡಬ್ಬಿ ಹಳದಿಗಟ್ಟಿ, ಒಳಗಿನ ಬಣ್ಣ ಕಾಣದಂತಾಗಿತ್ತು. ತಳದಲ್ಲಿ ಎರಡು ಬೆರಳಷ್ಟೂ ಇರಲಿಲ್ಲ. ರೇಡಿಯೇಟರಿನ ಕುತ್ತಿಗೆಗೆ ಎಣ್ಣೆ ಹಿಡಿದ ಹಸಿರು ಬಟ್ಟೆಯ ಚೂರೊಂದನ್ನು ಗಂಟು ಹಾಕಿದ್ದರು, ಅತ್ತೆಯ ಹಳೇ ಸೀರೆಯ ಅಂಚು. ದೃಷ್ಟಿಗೆ ಕಟ್ಟಿದ್ದು ಎಂದುಕೊಂಡೆ. ಇಂಥ ತಿಳಿದ ಮನುಷ್ಯನೂ ಇಂಜಿನ್ನಿಗೆ ಜಿಡ್ಡು ಬಟ್ಟೆ ಕಟ್ಟುವುದಾ ಎಂದು ಮೂಗು ಮುರಿದೆ.

ಒಂದು ನಿಮಿಷ ಯೋಚಿಸಿದ್ದು ನಿಜ. ಒಳಗೆ ಇರುವುದು ಯಾವುದೆಂದು ಅವರನ್ನು ಎಬ್ಬಿಸಿ ಕೇಳಬಹುದಿತ್ತು. ಕೇಳಿದರೆ ಬಾನೆಟ್ ಯಾಕೆ ತೆಗೆದೆ ಎನ್ನುತ್ತಾರೆ. ಬರೀ ನೀರನ್ನಾದರೂ ಹಾಕಬಹುದಿತ್ತು. ಆದರೆ ನೀರು ಹಾಕುವುದು ತಿಳಿಯದವರ ಕೆಲಸ, ನಾನು ತಿಳಿದವಳಲ್ಲವೇ. ಡಿಕ್ಕಿಯಿಂದ ಕಿತ್ತಳೆ ಬಾಟಲಿ ತಂದು ಡಬ್ಬಿಯ ಗೆರೆ ಮುಟ್ಟುವವರೆಗೂ ಸುರಿದೆ. ಬಾಟಲಿಯಲ್ಲಿ ಅರ್ಧ ಉಳಿಯಿತು. ಬಾನೆಟ್ ಸದ್ದಾಗದಂತೆ ಇಳಿಸಿ, ಕೈ ತೊಳೆದುಕೊಂಡು ಬಂದು ಫ್ಯಾನಿನ ಕೆಳಗೆ ಮಲಗಿದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಗಡದ್ದಾಗಿ ನಿದ್ದೆಯೂ ಬಂತು.

ಮಂಗಳಗಿರಿ ಪ್ರಯಾಣ ಏನೂ ತೊಂದರೆಯಿಲ್ಲದೆ ಮುಗಿಯಿತು. ಸಂಜೆ ಅತ್ತೆ ಸೀರೆ ಹರಡಿದರು. ನಾವು ವಿಶಾಖಪಟ್ಟಣಕ್ಕೆ ಮರಳಿದೆವು, ನಾನು ಆ ಸಂಗತಿ ಮರೆತೂ ಬಿಟ್ಟೆ.

ಆಗಸ್ಟಿನಲ್ಲಿ ಅತ್ತೆಯ ಫೋನು ಬಂತು. ಕೃಷ್ಣಾ ಸೇತುವೆಯ ನಡುಮಧ್ಯೆ ಕಾರು ಕುದಿದು ಹೊಗೆಯುಗುಳಿ ನಿಂತಿತಂತೆ. ಹಿಂದಿನ ಲಾರಿಗಳ ಹಾರ್ನ್, ಉರಿಬಿಸಿಲು, ಮಾವ ಅತ್ತೆ ಇಬ್ಬರೂ ಬದಿಗೆ ನಿಂತು ಒಂದು ತಾಸು ಕಾದಿದ್ದಾರೆ. ಶಿಷ್ಯ ಬಂದು ಎಳೆಸಿಕೊಂಡು ಹೋದನಂತೆ. ಆ ವಾರ ಸಿಕ್ಕ ರಜೆಗೆ ನಾವಿಬ್ಬರೂ ದುವ್ವಾಡದಲ್ಲಿ ರೈಲು ಹತ್ತಿ ಹೋದೆವು. ಮಾವನವರು ಮೂರು ದಿನದಿಂದ ರೇಡಿಯೇಟರಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಕಾರಣ ಕೇಳಿದರೆ, "ನೀರಿನ ವಿಷಯ, ನೀನು ಬರಲಿ ಅಂತ ಬಿಟ್ಟಿದ್ದೆ ಅಮ್ಮಾ," ಎಂದರು.

ಶೆಡ್ಡಿನಲ್ಲಿ ಶಿಷ್ಯ, ನಮ್ಮನೆಯವರು, ಅಕ್ಕಪಕ್ಕದ ಶೆಡ್ಡಿನ ಇಬ್ಬರು ಸುತ್ತ ನಿಂತಿದ್ದರು. ಮಾವನವರು ಮುಚ್ಚಳಕ್ಕೆ ಬಟ್ಟೆ ಹಾಕಿ ತಿರುಗಿಸಿದರು. ಒಳಗೆ ನೀರು ಕಾಣಲಿಲ್ಲ. ಕಂದು ಬಣ್ಣದ ಗಟ್ಟಿ ಲೋಳೆ ಕುತ್ತಿಗೆಯವರೆಗೂ ತುಂಬಿತ್ತು, ಮೂರು ದಿನ ಮರೆತಿಟ್ಟ ಅಂಬಲಿಯ ಹಾಗೆ. ಮೇಲೆ ಎಣ್ಣೆಯಂಥ ಹೊಳಪು. ಅವರು ಎರಡು ಬೆರಳು ಇಳಿಸಿ ಎತ್ತಿದರೆ ಅದು ಹರಿಯದೆ ನೂಲುನೂಲಾಗಿ ಜೋತುಬಿತ್ತು, ಕಡಿಯಲಿಲ್ಲ. ಸಿಹಿಯೂ ಹುಳಿಯೂ ಸೇರಿದ ಒಂದು ಕೆಟ್ಟ ವಾಸನೆ. ಹದಿನೈದು ವರ್ಷ ಲೋಳೆಯ ಜೊತೆ ಬಾಳಿದ ನಾನೇ ಮೂಗಿಗೆ ಸೆರಗು ಹಿಡಿದೆ. ಆ ಲೋಳೆಯ ನಡುವೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಗಂಟುಗಳಿದ್ದವು. ಅವನ್ನು ಕಂಡ ಕೂಡಲೇ ಬೇಸಿಗೆಯ ಆ ಮಧ್ಯಾಹ್ನ ನನಗೆ ಪೂರ್ತಿ ನೆನಪಾಯಿತು.

ಮಾವನವರು ಆ ಬೆರಳುಗಳನ್ನು ನನ್ನ ಮುಂದೆ ಹಿಡಿದರು. "ನೀನೇ ಹೇಳಮ್ಮಾ, ಏನಿದು?"

"ಎರಡು ಥರದ ಕೂಲಂಟ್ ಕೂಡ್ಯಾವ್ರಿ," ಎಂದೆ. ಅದು ಸುಳ್ಳಲ್ಲ. ಪ್ರಯೋಗಾಲಯದ ವರದಿ ಓದುವ ದನಿಯಲ್ಲಿ ಹೇಳಿದೆ.

"ಎರಡು ಥರ ಹೆಂಗೆ ಕೂಡ್ತೈತೆ?" ಅವರು ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯ ಚೂರನ್ನು ಮುಟ್ಟಿ ನೋಡಿದರು. "ಹಸಿರು ಕಟ್ಟೀನಿ ನಾನು. ಹಸಿರು ಹಾಕಿದ ಗಾಡಿಗೆ ಹಸಿರು ಬಟ್ಟೆ, ಕೆಂಪಿಗೆ ಕೆಂಪು, ಬರೀ ನೀರಿಗೆ ಬಿಳಿ ದಾರ. ನಲವತ್ತು ವರ್ಷದಿಂದ ಈ ಶೆಡ್ಡಿನ ಪದ್ಧತಿ ಇದೇ. ಯಾರು ತೆಗೆದ್ರೂ ಗೊತ್ತಾಗ್ಲಿ ಅಂತ."

ಆಗ ನನಗೆ ತಿಳಿಯಿತು. ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರ ನನ್ನ ಮೂಗಿನ ಮುಂದೆಯೇ ಗಂಟು ಹಾಕಿಕೊಂಡಿತ್ತು. ನಮ್ಮ ಪ್ಲಾಂಟಿನಲ್ಲಿ ಪೈಪಿಗೆ ಬಳಿದ ಬಣ್ಣದ ಪಟ್ಟಿ ನೋಡಿ ಒಳಗೆ ಏನು ಹರಿಯುತ್ತಿದೆಯೆಂದು ಹೇಳುವವಳು ನಾನು. ಅದೇ ಕೆಲಸವನ್ನು ಒಬ್ಬ ಮೆಕ್ಯಾನಿಕ್ ಸೀರೆಯ ಅಂಚಿನಿಂದ ಮಾಡಿದ್ದರೆ ಅದನ್ನು ದೃಷ್ಟಿಯ ಬಟ್ಟೆ ಎಂದುಕೊಂಡಿದ್ದೆ.

"ಇದನ್ನ ಮುಟ್ಟೋನು ನಾನೊಬ್ಬನೇ," ಎಂದು ಮಾವನವರು ಯಾರಿಗೂ ಅಲ್ಲದೆ ಹೇಳಿಕೊಂಡರು. "ಮತ್ತೆ ಈ ಕಿತ್ತಳೆಗೆಂಪು ಯಾರು ಹಾಕಿದ್ರು?"

ನಾನು ಬಾಯಿ ತೆರೆಯಬೇಕಾಗಿದ್ದ ಗಳಿಗೆ ಅದು. ಪಕ್ಕದ ಶೆಡ್ಡಿನವರು ನನ್ನನ್ನೇ ನೋಡುತ್ತಿದ್ದರು, ಇವರ ಸೊಸೆಯಂತೆ, ಕಾರ್ಖಾನೆಯ ನೀರಿನ ಮೇಡಮ್ಮಂತೆ ಎನ್ನುವ ಗೌರವದಲ್ಲಿ. ಆ ಗೌರವವನ್ನು ಬಿಡಲು ನನ್ನಿಂದ ಆಗಲಿಲ್ಲ. ಅಷ್ಟರಲ್ಲಿ ನಮ್ಮನೆಯವರು ಅಪ್ಪನಿಗೆ ತೆಲುಗಿನಲ್ಲಿ, ಮಕ್ಕಳಿಗೆ ಹೇಳುವಂತೆ ಮೆತ್ತಗೆ ಹೇಳಿದರು: "ನೀವೇ ಹಾಕಿ ಮರೆತಿರಬೇಕು ನಾನ್ನಾ. ಮೊನ್ನೆ ಕನ್ನಡಕ ಹಣೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ರಂತಲ್ಲ. ವಯಸ್ಸಾಯ್ತು, ತಪ್ಪೇನಿಲ್ಲ."

ಅಪ್ಪ ಕಾರು ಓಡಿಸುವುದನ್ನು ಬಿಡಿಸಬೇಕೆಂದು ಒಂದು ವರ್ಷದಿಂದ ದಾರಿ ಹುಡುಕುತ್ತಿದ್ದರು ಅವರು. ಈಗ ಸಿಕ್ಕಿತ್ತು. ಶಿಷ್ಯ ತಲೆ ತಗ್ಗಿಸಿ ನಟ್ಟು ಬಿಚ್ಚುವ ಪಾನಾ ಒರೆಸತೊಡಗಿದ. ಮಾವನವರು ಮೊದಲು ಮಗನನ್ನು, ಆಮೇಲೆ ನನ್ನನ್ನು ನೋಡಿದರು. ನಾನು ರೇಡಿಯೇಟರಿನೊಳಗೆ ಏನೋ ಪರೀಕ್ಷಿಸುವವಳಂತೆ ಬಗ್ಗಿದೆ. ಅವರು ಬೆರಳಿಗಂಟಿದ ಲೋಳೆಯನ್ನು ಹತ್ತಿಬಟ್ಟೆಯಿಂದ ಒರೆಸಿಕೊಂಡರು, ಒರೆಸಿದಷ್ಟೂ ಜಿಡ್ಡು ಹೋಗಲಿಲ್ಲ.

ಇಂಜಿನ್ ಉಳಿಯಿತು. ರೇಡಿಯೇಟರ್ ಬದಲಿಸಿ, ನಾಳಗಳನ್ನು ನಾಲ್ಕಾರು ಸಲ ತೊಳೆದು ಶಿಷ್ಯ ಗಾಡಿಯನ್ನು ಮನೆಗೆ ತಂದು ನಿಲ್ಲಿಸಿದ. ಮಾವನವರು ಅದನ್ನು ಹತ್ತಲಿಲ್ಲ. ಮೊದಲು ಒಂದು ವಾರ ಮೈ ಸರಿಯಿಲ್ಲ ಎಂದರು. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ಅತ್ತೆ ಫೋನಿನಲ್ಲಿ ಒಂದೊಂದೇ ಹೇಳುತ್ತಿದ್ದರು. ಗುಳಿಗೆ ನುಂಗಿದ ಮೇಲೂ ನುಂಗಿದೆನಾ ಎಂದು ಕೇಳುತ್ತಾರೆ. ಬಾಗಿಲ ಚಿಲಕ ಹಾಕಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಮುಟ್ಟಿ ನೋಡುತ್ತಾರೆ. ಶೆಡ್ಡಿನಿಂದ ಯಾರೋ ಹಳೇ ಗಾಡಿಯೊಂದನ್ನು ಮನೆ ಬಾಗಿಲಿಗೇ ತಂದು, ಯಾವ ಕೂಲಂಟ್ ಹಾಕೋಣ ಗುರುಗಳೇ ಎಂದು ಕೇಳಿದರೆ, "ನನ್ನ ಕೇಳಬೇಡ್ರಪ್ಪಾ, ಬಾಟಲಿ ಮೇಲೆ ಬರೆದಿರ್ತೈತೆ, ಓದಿ ಹಾಕ್ರಿ," ಎಂದರಂತೆ. ಯಾವ ಮನುಷ್ಯ ಬಾಟಲಿಯ ಮೇಲಿನ ಬರಹವನ್ನು ಕಂಡರೆ ಉರಿದು ಬೀಳುತ್ತಿದ್ದರೋ ಅವರು.

ನಮ್ಮನೆಯವರಿಗೆ ಇದೆಲ್ಲ ನೆಮ್ಮದಿ. "ಕೊನೆಗೂ ಅಪ್ಪ ವಯಸ್ಸನ್ನು ಒಪ್ಪಿಕೊಂಡ್ರು," ಎಂದು ಖುಷಿಯಲ್ಲಿ ಕಾಫಿ ಹೀರಿದರು. ಆ ಹೀರುವ ಸದ್ದು ಕೇಳಲಾಗದೆ ನಾನು ಎದ್ದು ಒಳಗೆ ಹೋದೆ. ಆದರೆ ಅವರ ಮೇಲೆ ಅಸಹ್ಯಪಡಲು ನನಗೇನು ಹಕ್ಕಿತ್ತು? ಅವರು ತಿಳಿಯದೆ ಹೇಳಿದ್ದರು, ನಾನು ತಿಳಿದೂ ಸುಮ್ಮನಿದ್ದೆ.

ಸೆಪ್ಟೆಂಬರಿನಲ್ಲಿ ನಮ್ಮ ವಿಭಾಗದ ಆಪರೇಟರ್ ಒಬ್ಬರು ತೊಟ್ಟಿಗೆ ಬೇರೆ ಮದ್ದು ಸುರಿದು, ಪುಸ್ತಕದಲ್ಲಿ ಬರೆಯದೆ ಹೋಗಿದ್ದರು. ನಾನು ಮೆಮೊ ಬರೆದೆ. ತಪ್ಪು ಮಾಡಿದ್ದಕ್ಕಿಂತ ಮುಚ್ಚಿಟ್ಟದ್ದು ಗಂಭೀರ ಎಂದು ಇಂಗ್ಲಿಷಿನಲ್ಲಿ ಠೀವಿಯಿಂದ ಬರೆದು ಸಹಿ ಹಾಕಿದೆ. ಆತ ನನಗಿಂತ ಹಿರಿಯರು. ಕಾಗದ ತೆಗೆದುಕೊಂಡು, "ಹೌದು ಮೇಡಂ, ಹೆದರಿ ಹೇಳಲಿಲ್ಲ," ಎಂದರು. ಅಷ್ಟು ಸಲೀಸಾಗಿ ಹೇಳಿಬಿಟ್ಟರು. ನಾನು ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ. ಕನ್ನಡಿಯಲ್ಲಿ ಕಂಡ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಆ ಶನಿವಾರವೇ ಒಬ್ಬಳೇ ರೈಲು ಹತ್ತಿದೆ. ಚೀಲದಲ್ಲಿ ಆ ಅರ್ಧ ಉಳಿದ ಕಿತ್ತಳೆ ಬಾಟಲಿ ಇತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಜೋಡಿಸಿಕೊಂಡೆ. ಬೈದರೆ ಬೈಸಿಕೊಳ್ಳುವುದು, ಶೆಡ್ಡಿನವರ ಮುಂದೆಯೂ ಒಪ್ಪಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಮನೆಗೆ ಬಂದರೆ ಅಂಗಳ ಖಾಲಿಯಾಗಿತ್ತು. ಕಾರನ್ನು ಶಿಷ್ಯನಿಗೇ ಕೊಟ್ಟುಬಿಟ್ಟಿದ್ದರು. ಮಾವನವರು ಒಳಗೆ ಟಿವಿಯ ಮುಂದೆ ಕೂತಿದ್ದರು, ಟಿವಿ ನೋಡುತ್ತಿರಲಿಲ್ಲ.

ಕಾಲು ತೊಳೆದು ಬಂದು, ಅವರ ಮುಂದೆ ನೆಲದ ಮೇಲೆ ಕೂತು ಬಾಟಲಿ ಇಟ್ಟೆ.

"ಮಾಮಯ್ಯಗಾರು, ನಿಮ್ಮ ಗಾಡಿಗೆ ಇದನ್ನ ಹಾಕಿದ್ದು ನಾನ್ರಿ. ನೀವಲ್ಲ. ಮಂಗಳಗಿರಿಗೆ ಹೋಗೋ ಹಿಂದಿನ ದಿನ, ನೀವು ಊಟ ಆದ ಮ್ಯಾಲ ಮಲಗಿದ್ರಿ, ನಾ ಬಾನೆಟ್ ತಗದು ಹಾಕಿದೆ. ನಿಮಗ ಹೇಳಲಿಲ್ಲ. ಅವತ್ತು ಶೆಡ್ಡಿನಾಗ ಗೊತ್ತಾತು, ಆದ್ರೂ ಬಾಯಿ ಬಿಡಲಿಲ್ಲ. ನನ್ನ ಮರ್ಯಾದಿ ಹೋಗ್ತದ ಅಂತ ಸುಮ್ಮನಿದ್ದೆ. ನಿಮ್ಮ ನೆನಪು ಚಲೋ ಐತ್ರಿ. ತಪ್ಪು ನಂದು."

ಅವರು ಬಾಟಲಿಯನ್ನು ಎತ್ತಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈಗುಳಕ್ಕೆ ತಯಾರಾಗಿದ್ದ ನನಗೆ ಆ ಮುಖದಲ್ಲಿ ಕಂಡದ್ದು ನಗು. ಎಷ್ಟೋ ದಿನಗಳ ಮೇಲೆ ಕಂಡ ನಗು.

"ನನಗೋಸ್ಕರ ಇಷ್ಟು ದೂರ ಬಂದು ಸುಳ್ಳು ಹೇಳ್ತೀಯಾ ಅಮ್ಮಾ?"

"ಸುಳ್ಳಲ್ರಿ. ಖರೇನ ನಾನು ಹಾಕೀನಿ."

"ಬಿಡಮ್ಮಾ. ನನಗೆ ಎಲ್ಲಾ ನೆನಪು ಬಂತು." ಅವರು ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಕುರ್ಚಿಗೆ ಒರಗಿದರು. "ಯುಗಾದಿ ಆದಮೇಲೆ ಒಂದಿನ ಸಾಯಂಕಾಲ. ಹಸಿರು ಸಿಗ್ಲಿಲ್ಲ, ಅಂಗಡಿಯೋನು ಇದೂ ಒಂದೇ ಅಂದ. ನಾನೂ ಹೂಂ ಅಂದೆ ನೋಡು, ಅಲ್ಲೇ ಬುದ್ಧಿ ಹೋಗಿತ್ತು. ಚಪ್ಪಲಿ ಬಿಟ್ಟು, ಮೆಟ್ಟಿಲ ಪಕ್ಕ ನಿಂತ್ಕೊಂಡು ಹಾಕ್ದೆ. ಕೈ ಸ್ವಲ್ಪ ನಡುಗ್ತಿತ್ತು. ಅದು ಕೆಂಪಗೆ ಇಳೀತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂಗೈತೆ."

ಅಂಥ ಸಾಯಂಕಾಲ ಇರಲೇ ಇಲ್ಲ. ಅಂಥ ಅಂಗಡಿಯವನೂ ಇರಲಿಲ್ಲ. ಮಾಡದ ತಪ್ಪಿಗೆ ಅವರು ಇಷ್ಟು ದಿನ ಕೂತು, ಒಂದೊಂದೇ ವಿವರ ಸೇರಿಸಿ, ಒಂದು ನೆನಪನ್ನು ಕಟ್ಟಿಕೊಂಡಿದ್ದರು. ಇಲ್ಲ, ಇಲ್ಲ ಎಂದು ನಾನು ಎಷ್ಟು ಹೇಳಿದರೂ ಅವರು ತಲೆಯಾಡಿಸಿ ನಗುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ಮನಸ್ಸವಾ ನಿಂದು," ಎಂದರು.

ಅವರು ನಂಬಲಿಲ್ಲ ಎಂದು ಖಾತ್ರಿಯಾದ ಆ ಗಳಿಗೆಯಲ್ಲಿ ನನ್ನೊಳಗೆ ಮೊದಲು ಎದ್ದದ್ದು ದುಃಖವಲ್ಲ. ಸದ್ಯ, ಬಚಾವಾದೆ ಅನ್ನಿಸಿತು. ಹೇಳಿದ್ದೂ ಆಯಿತು, ಮರ್ಯಾದೆ ಉಳಿದದ್ದೂ ಆಯಿತು ಎಂದು ಎದೆ ಹಗುರವಾಯಿತು. ನಾನು ಜೀವನದಲ್ಲಿ ಮೂಸಿ ನೋಡಿದ ಯಾವ ರಾಡಿಯೂ ಅಷ್ಟು ಹೊಲಸಾಗಿರಲಿಲ್ಲ.

ಅತ್ತೆ ತಟ್ಟೆ ಹಾಕಿದರು. ಬಿಸಿ ಅನ್ನ, ಬೇಳೆಯ ಪಪ್ಪು, ಗೋಂಗೂರ ಚಟ್ನಿ. ಮಾವನವರು ನನ್ನ ಪಕ್ಕದಲ್ಲೇ ಊಟಕ್ಕೆ ಕೂತು, ಇಂಥ ಸೊಸೆ ಯಾರಿಗೆ ಸಿಗ್ತಾಳೆ, ಅವಳಿಗೆ ಇನ್ನೊಂದು ಚಮಚ ತುಪ್ಪ ಹಾಕು ಎಂದರು. ನಾನು ತಟ್ಟೆಯನ್ನು ಮುಂದೆ ಹಿಡಿದೆ.